ನಲವತ್ತೆಂಟು ತೂತಿನ ದಿಮ್ಮಿ

ಕಾಯಿಲೆ ಬಿದ್ದ ಮೇಲೆ ಅಣ್ಣನ ಬಾಯಲ್ಲಿ ಉಳಿದದ್ದು ಒಂದೇ ಮಾತು: ಹೌದು. ನೀರು ಬೇಕಾದರೂ ಹೌದು, ಬೇಡವಾದರೂ ಹೌದು. ಫ್ಯಾನು ಹಾಕು ಎನ್ನುವುದಕ್ಕೂ ಅದೇ, ಆರಿಸು ಎನ್ನುವುದಕ್ಕೂ ಅದೇ. ಬಲಗೈ ಬಲಗಾಲು ಸ್ವಾಧೀನದಲ್ಲಿರಲಿಲ್ಲ. ತಲೆಯಾಡಿಸುವುದನ್ನೂ ನಂಬುವಂತಿರಲಿಲ್ಲ, ಅಡ್ಡಡ್ಡ ಆಡಿಸಲು ಹೋಗಿ ಉದ್ದುದ್ದ ಆಡಿಸಿ, ತನ್ನ ಮೇಲೆ ತಾನೇ ಸಿಟ್ಟಾಗುತ್ತಿದ್ದ.

ವಾರಕ್ಕೆ ಮೂರು ದಿನ ಬಂದು ಅವನ ಕೈಕಾಲು ಆಡಿಸಿ ಹೋಗುತ್ತಿದ್ದ ಹೆಂಗಸನ್ನು ನಾನು ವ್ಯಾಯಾಮದಮ್ಮ ಎಂದು ಕರೆಯುತ್ತಿದ್ದೆ. ಆಕೆ ಮೊದಲ ದಿನವೇ ನನಗೆ ಎರಡು ಮಾತು ಹೇಳಿದ್ದರು. ಒಂದು, “ಅವರ ಮಾತನ್ನ ಹಿಡ್ಕೊಂಡು ಕೂರಬೇಡಿ ಅಮ್ಮ, ದನಿ ಕೇಳಿ. ಹೇಳೋದೆಲ್ಲ ದನೀಲಿರುತ್ತೆ.” ಇನ್ನೊಂದು, ನೋಡಲು ಏನಾದರೂ ಕೊಡಿ, ತಾರಸಿ ನೋಡುತ್ತಾ ಮಲಗಿದವರು ಬೇಗ ಇಳಿದುಹೋಗುತ್ತಾರೆ. ಎರಡನ್ನೂ ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಎರಡನೆಯದನ್ನು ಅದೇ ದಿನ ಮಾಡಿದೆ. ಅಣ್ಣನ ಮಂಚವನ್ನು ಹಿತ್ತಿಲ ಕಿಟಕಿಯ ಪಕ್ಕಕ್ಕೆ ಎಳೆಸಿ, ತಲೆದಿಂಬನ್ನು ಎತ್ತರಿಸಿಟ್ಟೆ.

ಕಿಟಕಿಯಿಂದ ಕಾಣುತ್ತಿದ್ದದ್ದು ಒಂದು ನಿಂಬೆಗಿಡ, ಪಕ್ಕದ ಮನೆಗೂ ನಮಗೂ ನಡುವಿನ ಗೋಡೆ, ಮತ್ತು ಆ ಗೋಡೆಗೆ ಒತ್ತಿ ನೆಟ್ಟ ಕಂಬದ ಮೇಲೆ ಅಣ್ಣನ ಮರದ ದಿಮ್ಮಿ.

ದಿಮ್ಮಿಯ ವಿಷಯ ಹೇಳಬೇಕು. ಅಣ್ಣ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವನು. ನಿವೃತ್ತನಾದ ಮೇಲೆ ಗಿಡ, ಹಕ್ಕಿ, ಹುಳು ಎಂದು ಪುಸ್ತಕ ಓದಿಕೊಂಡಿದ್ದ. ಹೋದ ವರ್ಷ ಎರಡಡಿ ಉದ್ದದ ಮರದ ತುಂಡು ತಂದು, ಸ್ಕೇಲಿಟ್ಟು ಗೆರೆ ಎಳೆದು, ಪೆನ್ಸಿಲ್ ದಪ್ಪದ ತೂತುಗಳನ್ನು ಕೊರೆದ. ಎಂಟು ಸಾಲು, ಸಾಲಿಗೆ ಆರು, ಒಟ್ಟು ನಲವತ್ತೆಂಟು. ಮೇಲೆ ತಗಡಿನ ಸಣ್ಣ ಮಾಡು. ಬೆಳಗಿನ ಬಿಸಿಲು ಮನೆಯ ಮೂಲೆ ದಾಟಿ ಮೊದಲು ಬೀಳುವ ಜಾಗ ಹುಡುಕಿ, ತನ್ನ ಎತ್ತರಕ್ಕೆ ಸರಿಯಾಗಿ ಕಂಬ ನೆಟ್ಟ. ಅವನು ಆರಡಿ, ನಾನು ಐದಕ್ಕೂ ಎರಡಂಗುಲ ಕಡಿಮೆ. ಇದರಲ್ಲಿ ಜೇನು ಬಂದು ಇರುತ್ತವೆ ಎಂದ. ಹೆಜ್ಜೇನಲ್ಲ, ತುಡುವೆಯಲ್ಲ, ಬೇರೆ ಜಾತಿ. ಗುಂಪು ಕಟ್ಟುವುದಿಲ್ಲ, ತುಪ್ಪ ಮಾಡುವುದಿಲ್ಲ, ಕಚ್ಚುವ ಗೋಜಿಗೂ ಹೋಗುವುದಿಲ್ಲ, ಬಾಡಿಗೆ ಮನೆಯವರ ಹಾಗೆ ಒಂದೊಂದು ತೂತಿಗೆ ಒಂದೊಂದು. ಇನ್ನೂ ಏನೇನೋ ಹೇಳಿದ. ನಾನು ಸ್ವೆಟರ್ ಹೆಣೆಯುತ್ತಾ ಕುತ್ತಿಗೆಯ ಭಾಗಕ್ಕೆ ಬಂದಿದ್ದೆ; ಅಲ್ಲಿ ಕುಣಿಕೆ ಎಣಿಸಬೇಕು. ಅರ್ಧ ಕಿವಿಯಲ್ಲಿ ಕೇಳಿದೆ.

ಆ ವರ್ಷ ದಿಮ್ಮಿ ನೆಟ್ಟದ್ದು ತಡವಾಗಿತ್ತು. ಒಂದೂ ಬರಲಿಲ್ಲ. “ನಿಂಬೆ ಹೂ ಬಿಟ್ಟಾಗ ಮೂರು ನಾಲ್ಕು ವಾರ ಅಷ್ಟೇ ಅವುಗಳ ಕಾಲ,” ಎಂದಿದ್ದ ಅಣ್ಣ. “ಮುಂದಿನ ವರ್ಷ ಬರ್ತವೆ, ನೋಡ್ತಿರು.” ಆಮೇಲೆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದ.

ಹಾಗಾಗಿ ಈ ವರ್ಷ ನಿಂಬೆ ಮೊಗ್ಗು ಕಟ್ಟಿದಾಗ ನನಗೆ ಇದ್ದದ್ದು ಒಂದೇ ಆಸೆ. ಆ ತೂತುಗಳಲ್ಲಿ ಜೇನು ಬರಬೇಕು. ಅಣ್ಣ ಅದನ್ನು ನೋಡಬೇಕು. ಅವನು ಕಾದಿದ್ದದ್ದು ಅದಕ್ಕೆ, ಮತ್ತು ಮುಂದಿನ ವರ್ಷದ ಮಾತು ಆಡಲು ಡಾಕ್ಟರರಿಗೇ ಧೈರ್ಯವಿರಲಿಲ್ಲ.

ಹೂ ಬಿಟ್ಟ ಐದನೆಯ ದಿನ ಬೆಳಿಗ್ಗೆ ಗಿಡಕ್ಕೆ ನೀರು ಹಾಕಲು ಹೋದವಳು ದಿಮ್ಮಿಯನ್ನು ನೋಡಿ ನಿಂತುಬಿಟ್ಟೆ. ನಾಲ್ಕನೆಯ ಸಾಲಿನ ಮೂರನೆಯ ತೂತಿಗೆ ಯಾರೋ ಮಣ್ಣು ಮೆತ್ತಿದ್ದರು. ಸುಮ್ಮನೆ ಎರಚಿದ ಮಣ್ಣಲ್ಲ. ಅಂಚಿಗೆ ಅಂಚು ಕೂಡಿಸಿ, ತಟ್ಟಿ, ಸಮಮಾಡಿ ಮುಚ್ಚಿದ್ದು. ಒಂದು ಚೂರೂ ಹೊರಗೆ ಚೆಲ್ಲಿರಲಿಲ್ಲ.

ನಾನು ಮೂವತ್ತು ವರ್ಷ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದವಳು. ತಪ್ಪು ಕಂಡರೆ ಮೊದಲು ಬರುವ ಪ್ರಶ್ನೆ, ಇದು ಯಾರ ಕೈಯದು? ಅಚ್ಚುಮೊಳೆ ಜೋಡಿಸುವ ನಾಲ್ವರಲ್ಲಿ ಯಾವ ತಪ್ಪು ಯಾರದೆಂದು ಹೆಸರು ನೋಡದೆ ಹೇಳುತ್ತಿದ್ದೆ. ಇದು ಗಾರೆ ಕೆಲಸ ಬಲ್ಲ ಕೈ. ಗೋಡೆಯಾಚೆ ಇದ್ದವರು ಗಾರೆ ಮೇಸ್ತ್ರಿ.

ಮೇಸ್ತ್ರಿಯವರಿಗೆ ನಮ್ಮ ಮೇಲೆ ಸಿಟ್ಟಿರಲು ಕಾರಣವೂ ಇತ್ತು. ಹೋದ ವರ್ಷ ಅಣ್ಣ ದಿಮ್ಮಿ ನೆಟ್ಟ ಮೇಲೆ ಅದರ ಬುಡದ ಹತ್ತಿರ ನಲ್ಲಿಯೊಂದನ್ನು ತೊಟ್ಟಿಕ್ಕಲು ಬಿಟ್ಟು, ಅಲ್ಲೊಂದು ಕೆಸರಿನ ಗುಂಡಿ ಮಾಡಿಕೊಂಡಿದ್ದ. ಯಾಕೆಂದು ನಾನು ಕೇಳಿರಲಿಲ್ಲ, ಹಕ್ಕಿಗಳಿಗಿರಬೇಕು ಎಂದುಕೊಂಡಿದ್ದೆ. ಮೇಸ್ತ್ರಿ ಗೇಟಿನ ಹತ್ತಿರ ಬಂದು, ನೀರು ನಿಲ್ಲಿಸಿ, ತೇವ ಏರಿ ನನ್ನ ಗೋಡೆ ಉಬ್ಬುತ್ತಿದೆ ಎಂದರು. ಅಣ್ಣ ಮನೆಯಲ್ಲಿರಲಿಲ್ಲ. ನಾನು ಮೆಟ್ಟಿಲ ಮೇಲೆ ನಿಂತು, “ನೀವೇ ಕಟ್ಟಿದ ಗೋಡೆ ಅಲ್ವಾ? ಗಟ್ಟಿಯಾಗಿ ಕಟ್ಟಬೇಕಿತ್ತು,” ಎಂದೆ. ಆಗ ಅದು ಚುರುಕು ಮಾತೆನಿಸಿತ್ತು. ಅವರು ಒಂದು ಕ್ಷಣ ನನ್ನನ್ನು ನೋಡಿ ಹೊರಟುಹೋದರು. ಅಂದಿನಿಂದ ಎದುರಿಗೆ ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಿದ್ದರು.

ಅಣ್ಣ ಬಿದ್ದ ದಿನ ಅವನನ್ನು ಕಾರಿಗೆ ಎತ್ತಿ ಕೂರಿಸಿದವರಲ್ಲಿ ಅವರೂ ಒಬ್ಬರು, ನಿಜ. ಅಣ್ಣನ ಚಪ್ಪಲಿಯನ್ನು ಮರೆಯದೆ ಕಾರಿನೊಳಗೆ ಇಟ್ಟವರು ಅವರೇ. ಅದನ್ನು ನಾನು ಮರೆತಿರಲಿಲ್ಲ. ಆದರೆ ಎತ್ತುವ ಹೊತ್ತಿಗೆ ಎತ್ತುವುದು ಬೇರೆ, ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಬೇರೆ.

ಒಳಗೆ ಬಂದು ಅಣ್ಣನನ್ನು ಕೇಳಿದೆ. ಅವನು ಆಗಲೇ ಎದ್ದು, ಕಿಟಕಿಯತ್ತ ಮುಖ ಮಾಡಿ ಮಲಗಿದ್ದ. ಅವನ ಮುಖದಲ್ಲಿ ಏನೋ ಬೆಳಕಿತ್ತು.

“ದಿಮ್ಮೀಗೆ ಮಣ್ಣು ಮೆತ್ತಿದ್ದಾರೆ. ನೋಡಿದ್ಯಾ?”

“ಹೌದು! ಹೌದು!” ಎಂದ. ಎಡಗೈಯನ್ನು ಹಾಸಿಗೆಯ ಮೇಲೆ ತಟ್ಟಿದ.

“ಮೇಸ್ತ್ರಿ ತಾನೇ?”

“ಹೌದು… ಹೌದು, ಹೌದು.” ಈ ಸಲ ದನಿ ಬೇರೆಯಾಗಿತ್ತು. ಕೈ ಎತ್ತಿ ಗಾಳಿಯಲ್ಲಿ ಬೀಸಿದ. ಪಾಪ, ಎಷ್ಟು ಸಿಟ್ಟು ಬಂದಿದೆ ಎಂದುಕೊಂಡೆ. ಕಣ್ಣಾರೆ ಕಂಡ ಸಾಕ್ಷಿಯೇ ಹೇಳಿದ ಮೇಲೆ ಇನ್ನೇನು?

ಹೆಣಿಗೆಯ ಬುಟ್ಟಿಯಿಂದ ತೆಳ್ಳನೆಯ ಕಡ್ಡಿಯೊಂದನ್ನು ತೆಗೆದುಕೊಂಡು ಹೋಗಿ ಮಣ್ಣನ್ನು ಮೀಟಿದೆ. ಅಚ್ಚುಕೂಟದಲ್ಲಿ ತಪ್ಪು ಮೊಳೆಯನ್ನು ಚಿಮಟದಿಂದ ಕೀಳುತ್ತಾರಲ್ಲ, ಹಾಗೆ. ಮುಚ್ಚಳ ಬಿಲ್ಲೆಯಂತೆ ಕಳಚಿಬಂತು. ಒಳಗೆ ಇನ್ನೊಂದು ತೆಳುಪದರ ಮಣ್ಣು. ಅದರಾಚೆ ಹಳದಿ ಪುಡಿ, ಅಂಟಂಟಾಗಿ. ಕಡ್ಡಿ ಆಳಕ್ಕೆ ಹೋದಷ್ಟೂ ಒಂದು ಪದರ ಮಣ್ಣು, ಒಂದು ಪದರ ಪುಡಿ.

ಬರೀ ಮುಚ್ಚಿದ್ದಲ್ಲ, ವಿಷ ಇಟ್ಟಿದ್ದಾರೆ.

ಹಿಂದಿನಿಂದ ಸದ್ದಾಯಿತು. ಅಣ್ಣನ ನೀರಿನ ಲೋಟ ನೆಲಕ್ಕೆ ಬಿದ್ದಿತ್ತು. ಒಳಗೆ ಓಡಿ ನೆಲ ಒರೆಸಿ, ಅವನ ಕೈ ಹಿಡಿದು, ಎಲ್ಲ ತೆಗೆದೆ ಕಣೋ, ಒಂದು ಚೂರೂ ಬಿಟ್ಟಿಲ್ಲ, ಹೆದರಬೇಡ ಎಂದೆ. ಅವನು ಹೌದು ಎನ್ನಲಿಲ್ಲ. ಮುಖ ಆಚೆ ತಿರುಗಿಸಿದ. ನಾನು ಸೋಪು ಹಾಕಿ ಮೂರು ಸಲ ಕೈ ತೊಳೆದೆ.

ಮರುದಿನ ಇನ್ನೊಂದು. ಅದರ ಮರುದಿನ ಎರಡು. ಬಿಸಿಲು ಚೆನ್ನಾಗಿ ಬಿದ್ದ ದಿನದ ಮಾರನೆಯ ಬೆಳಿಗ್ಗೆ ಮೂರು. ನಾನು ಎದ್ದ ತಕ್ಷಣ ಕಡ್ಡಿ ಹಿಡಿದು ಹಿತ್ತಿಲಿಗೆ ಹೋಗುವುದು, ಮೀಟುವುದು, ಒಳಗಿನದನ್ನೆಲ್ಲ ಖಾಲಿ ಬಿಸ್ಕತ್ತಿನ ಡಬ್ಬಿಗೆ ಸುರಿದು ಮುಚ್ಚಳ ಬಿಗಿಯುವುದು. ಸಾಕ್ಷಿ ಕೈಯಲ್ಲಿರಲಿ ಎಂದು. ದಿನವೂ ಅದೇ ಹೊತ್ತಿಗೆ ಒಳಗೆ ಏನಾದರೂ ಬೀಳುತ್ತಿತ್ತು. ಒಮ್ಮೆ ಕನ್ನಡಕ, ಒಮ್ಮೆ ಔಷಧಿಯ ಪಟ್ಟಿ, ಒಮ್ಮೆ ಅವನೇ ಅರ್ಧ ಮಂಚದಿಂದ ಜಾರಿದ್ದ. ನೋಡಲು ಏನಾದರೂ ಕೊಡಿ ಎಂದು ವ್ಯಾಯಾಮದಮ್ಮ ಹೇಳಿದರೆ, ನಾನು ನನ್ನ ಅಣ್ಣನಿಗೆ ಪಕ್ಕದ ಮನೆಯವರ ಕೆಟ್ಟತನವನ್ನು ನೋಡಲು ಕೊಟ್ಟಿದ್ದೇನಲ್ಲ ಎಂದು ಸಂಕಟವಾಗುತ್ತಿತ್ತು. ಪರದೆ ಎಳೆಯಲು ಹೋದರೆ ‘ಹೌದು’ ಎಂದು ಚೀರುತ್ತಿದ್ದ. ಬಿಟ್ಟೆ.

ಹೂವಿನ ವಾರಗಳು ಕಳೆಯುತ್ತಿದ್ದವು. ಜೇನಿನ ಸುಳಿವಿಲ್ಲ. ಬಟ್ಟೆ ಒಣಗಿಸಲು ಮಧ್ಯಾಹ್ನ ಹಿತ್ತಿಲಿಗೆ ಹೋದಾಗ ದಿಮ್ಮಿಯ ಸುತ್ತ ಕಪ್ಪಗಿನ ನೊಣದಂಥವು ಮಾತ್ರ ಹಾರಾಡುತ್ತಿದ್ದವು. ಒಂದೆರಡು ತೂತಿನೊಳಗೆ ನುಗ್ಗುತ್ತಿದ್ದವು. ಆ ಹಳದಿ ಪುಡಿಗೆ ಮುತ್ತಿದ ನೊಣಗಳು ಎಂದು ಟವೆಲ್ಲು ಬೀಸಿ ಓಡಿಸಿದೆ.

ಅನುಮಾನ ಒಮ್ಮೆ ಬಾಗಿಲೊಳಗೆ ಬಂದರೆ ತನಗೆ ಬೇಕಾದ ಸಾಮಾನನ್ನೆಲ್ಲ ತಾನೇ ಹೊತ್ತು ತರುತ್ತದೆ. ಆ ನಲ್ಲಿಯನ್ನು ಅಣ್ಣ ಹೋದ ವರ್ಷವೇ ನಿಲ್ಲಿಸಿದ್ದ, ಅವನು ಬಿದ್ದ ಮೇಲೆ ನಾನು ರಿಪೇರಿಯನ್ನೂ ಮಾಡಿಸಿದ್ದೆ. ಒಂದು ಹನಿ ಸೋರುತ್ತಿರಲಿಲ್ಲ. ಆದರೂ ದಿಮ್ಮಿಯ ಬುಡದ ಮಣ್ಣು ಪ್ರತಿದಿನ ಒದ್ದೆ. ಬರೀ ಒದ್ದೆಯಲ್ಲ, ಚೆನ್ನಾಗಿ ಕಲಸಿದ ಹದ. ಅದರಲ್ಲಿ ಒಂದು ಬೆಳಿಗ್ಗೆ ಬರಿಗಾಲಿನ ಗುರುತು ಕಂಡಿತು. ಹೆಬ್ಬೆರಳು ಹೊರಕ್ಕೆ ತಿರುಗಿದ, ಅಗಲವಾದ ಪಾದ. ಆ ಪಾದವನ್ನು ನಾನು ರಸ್ತೆಯಲ್ಲಿ ಎಷ್ಟು ಸಲ ನೋಡಿಲ್ಲ! ತೂತು ಮುಚ್ಚಲು ಮಣ್ಣು ಬೇಕು. ನಮ್ಮ ಮಣ್ಣನ್ನೇ ನಮ್ಮ ಹಿತ್ತಿಲಲ್ಲೇ ಕಲಸಿ ನಮ್ಮ ಮೇಲೇ ಮೆತ್ತುತ್ತಿದ್ದಾರೆ.

ಎರಡು ಸಲ ಗೋಡೆಯ ಮೇಲೆ ಸೊಪ್ಪಿನ ಕಟ್ಟು ಇತ್ತು, ಬೇರಿನ ಮಣ್ಣು ತೊಳೆದು ದಾರ ಕಟ್ಟಿದ್ದು. ಮೊದಲಾಗಿದ್ದರೆ ಆ ತೊಳೆದ ಬೇರು ನೋಡಿಯೇ ಮನಸ್ಸು ಕರಗುತ್ತಿತ್ತು. ಈಗ, ತಪ್ಪು ಮಾಡಿದವರಿಗೆ ಒಳಗೊಳಗೆ ಚುಚ್ಚುತ್ತಿದೆ, ಅದಕ್ಕೇ ಈ ಉಪಚಾರ ಎನಿಸಿತು. ಅಡುಗೆಗೆ ಬಳಸಲಿಲ್ಲ. ಎಸೆಯಲೂ ಆಗಲಿಲ್ಲ. ನೀರಿನ ಲೋಟದಲ್ಲಿ ನಿಲ್ಲಿಸಿಟ್ಟೆ, ಹಳದಿಯಾಗುವವರೆಗೆ ನಿಂತಿತ್ತು.

ಕಡೆಗೆ ಒಂದು ದಿನ, ಬೆಳಕು ಹರಿಯುವ ಹೊತ್ತಿಗೆ ಬಚ್ಚಲ ಕಿಂಡಿಯಿಂದ ಅವರನ್ನೇ ಕಂಡೆ. ಗೋಡೆಯ ಕೊನೆಯಲ್ಲಿ ತಗ್ಗಿರುವ ಕಡೆಯಿಂದ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ದಾಟಿಸಿ ಇಳಿದರು. ಎಪ್ಪತ್ತರ ಮನುಷ್ಯ, ಕಳ್ಳನ ಹಾಗೆ. ಕೈಯಲ್ಲಿ ಚೆಂಬು. ದಿಮ್ಮಿಯ ಮುಂದೆ ನಿಂತು ತಲೆಯೆತ್ತಿ ಒಂದೊಂದೇ ತೂತನ್ನು ಬೆರಳಲ್ಲಿ ತೋರಿಸುತ್ತಾ ಎಣಿಸಿದರು. ನಾನು ಕಿತ್ತ ಜಾಗಗಳನ್ನು ಮುಟ್ಟಿ ನೋಡಿದರು. ಆಮೇಲೆ ಕೆಳಗೆ ಬಗ್ಗಿದರು. ನಿಂಬೆಗಿಡ ಅಡ್ಡ ಬಂದು ಮುಂದಿನದು ಕಾಣಿಸಲಿಲ್ಲ. ನಾನು ಸೀರೆ ಸರಿಮಾಡಿಕೊಂಡು ಹಿತ್ತಿಲ ಬಾಗಿಲಿನ ಚಿಲಕ ತೆಗೆಯುವಷ್ಟರಲ್ಲಿ ಹೋಗಿಯಾಗಿತ್ತು. ಕಂಬದ ಬುಡದಲ್ಲಿ ಹೊಸ ಕೆಸರು ಹೊಳೆಯುತ್ತಿತ್ತು. ಅಣ್ಣ ಎಚ್ಚರವಾಗಿದ್ದ, ಕಿಟಕಿಯತ್ತ ಎಡಗೈ ಎತ್ತಿದಂತಿತ್ತು. ಬೆದರಿಸಲು ಎತ್ತಿದ್ದಾನೆ ಎಂದುಕೊಂಡೆ. ಅದು ನಮಸ್ಕಾರವಿರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಅಂದು ಕೂತು ವಾರ್ಡಿನ ಕಚೇರಿಗೆ ದೂರು ಬರೆದೆ. ಅತಿಕ್ರಮ ಪ್ರವೇಶ, ವಿಷಪ್ರಯೋಗ, ರೋಗಿಯೊಬ್ಬರ ಮನಸ್ಸಿಗೆ ಆಘಾತ. ನಾಲ್ಕು ಸಲ ತಿದ್ದಿದೆ. ವ್ಯಾಯಾಮದಮ್ಮ ಬಂದಾಗ ಓದಲು ಕೊಟ್ಟೆ. ಆಕೆ ಅಣ್ಣನ ಮೊಣಕಾಲನ್ನು ಮಡಿಸಿ ಬಿಡಿಸುತ್ತಲೇ ಓದಿದರು.

“ಅಲ್ಪವಿರಾಮ, ಪೂರ್ಣವಿರಾಮ ಎಲ್ಲಾ ಸೊಗಸಾಗಿದೆ,” ಎಂದರು. “ಅವರನ್ನ ಒಂದ್ಸಲ ಕೇಳಿದ್ರಾ?”

ಕೇಳುವುದೇನು, ಅಣ್ಣನೇ ಹೇಳಿದ್ದಾನೆ ಎಂದೆ.

“ಏನಂತ ಹೇಳಿದ್ರು?”

“ಹೌದು ಅಂತ.”

ಆಕೆ ನನ್ನ ಮುಖವನ್ನು ನೋಡಿದರು, ಆಮೇಲೆ ಫ್ರಿಜ್ಜಿನ ಮೇಲಿನ ಚೀಟಿಯನ್ನು ನೋಡಿದರು. ಹೊರಡುವಾಗ ದೂರಿನ ಹಾಳೆಯನ್ನು ಮಡಿಸಿ ನನ್ನ ಕೈಗಿಟ್ಟು, ಕಚೇರಿಗಿಂತ ಪಕ್ಕದ ಮನೆ ಹತ್ತಿರ ಅಲ್ಲವಾ ಎಂದಷ್ಟೇ ಅಂದರು.

ಮೇಲಿನ ಎರಡು ಸಾಲುಗಳು ನನ್ನ ಕೈಗೆ ಎಟುಕುತ್ತಿರಲಿಲ್ಲ. ಅಲ್ಲಿಯೂ ಮಣ್ಣು ಮೆತ್ತಿತ್ತು. ನಾಳೆ ಸ್ಟೂಲು ಹಾಕಿಕೊಂಡು ಅವನ್ನೂ ತೆಗೆಯಬೇಕು, ಅದಕ್ಕೆ ಮೊದಲು ಮೇಸ್ತ್ರಿಯವರ ಬಾಯಿಂದಲೇ ಒಪ್ಪಿಸಬೇಕು ಎಂದು ತೀರ್ಮಾನಿಸಿ, ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಗೆ ಹೋದೆ.

ಮೇಸ್ತ್ರಿಯವರು ಜಗಲಿಯಲ್ಲಿ ಕೂತು ತಂತಿಯ ಬಲೆಯೊಂದನ್ನು ಕತ್ತರಿಸುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತು, ಹೆಗಲ ಮೇಲಿನ ಬಟ್ಟೆಯಿಂದ ಕುರ್ಚಿ ಒರೆಸಿದರು. ನಾನು ಕೂರಲಿಲ್ಲ.

“ನೀವು ದಿನಾ ಗೋಡೆ ದಾಟಿ ನಮ್ಮ ಹಿತ್ತಿಲಿಗೆ ಬರ್ತೀರಿ. ನಾನು ನೋಡಿದ್ದೀನಿ,” ಎಂದೆ.

ಅವರು ಸುಳ್ಳು ಹೇಳುತ್ತಾರೆಂದು ಸಿದ್ಧಳಾಗಿದ್ದೆ. ಅವರು ಹೇಳಲಿಲ್ಲ. ಬರುತ್ತೇನೆ, ತಪ್ಪಾಯಿತು ಎಂದರು. ಅಣ್ಣನಿಗೆ ಮಾತು ಕೊಟ್ಟಿದ್ದರಂತೆ. ಗೋಡೆಯ ಜಗಳವಾದ ವಾರದಲ್ಲೇ ಅಣ್ಣ ಪುಸ್ತಕ ಹಿಡಿದುಕೊಂಡು ಅವರ ಮನೆಗೆ ಹೋಗಿ, ಚಿತ್ರ ತೋರಿಸಿ, ಕೆಸರು ಯಾಕೆ ಬೇಕೆಂದು ವಿವರಿಸಿದ್ದನಂತೆ. ಆ ಜೇನುಗಳಿಗೆ ಮೇಣ ಕಟ್ಟಲು ಬರುವುದಿಲ್ಲ. ಮಣ್ಣಿನಲ್ಲಿ ಕೋಣೆ ಕಟ್ಟಿ, ಒಂದೊಂದು ಕೋಣೆಗೆ ಹೂವಿನ ಪುಡಿಯ ಉಂಡೆ ಇಟ್ಟು, ಅದರ ಮೇಲೊಂದು ಮೊಟ್ಟೆ ಇಟ್ಟು, ಗೋಡೆ ಎತ್ತಿ, ಕಡೆಗೆ ತೂತಿನ ಬಾಯಿ ಮುಚ್ಚುತ್ತವೆ.

“ನಿಮ್ಮ ಕಸುಬಿನವ್ರೇ ಕಣ್ರೀ ಮೇಸ್ತ್ರಿ ಅಂದ್ರು ಸಾಹೇಬ್ರು,” ಎಂದರು ಅವರು. “ಕೆಲಸವೆಲ್ಲ ಹೆಣ್ಣುಗಳದ್ದೇ ಅಂತೆ. ಗಂಡು ಹೂವಿನ ಮೇಲೆ ಕೂತು ಕಾಲ ಕಳೆಯುತ್ತಂತೆ.”

“ಅದಕ್ಕೇನು ಪುಸ್ತಕ ಬೇಕಿತ್ತಾ,” ಎಂದು ಒಳಗಿನಿಂದ ಅವರ ಹೆಂಡತಿಯ ದನಿ ಬಂತು.

ಮೇಸ್ತ್ರಿ ಹೇಳುತ್ತಲೇ ಹೋದರು. ನಲ್ಲಿ ತೊಟ್ಟಿಕ್ಕಿದರೆ ಗೋಡೆಗೆ ಕೇಡು, ಅದರ ಬದಲು ಹೂವಿನ ಕಾಲದಲ್ಲಿ ತಾನೇ ದಿನಕ್ಕೊಂದು ಚೆಂಬು ನೀರು ಹಾಕುತ್ತೇನೆಂದು ಒಪ್ಪಂದವಾಗಿತ್ತು. ಬರೀ ನೀರು ಸುರಿದರೆ ಮಣ್ಣು ಒಡೆಯುತ್ತದೆ, ತುಳಿದು ಹದ ಮಾಡಬೇಕು. ಅದಕ್ಕೇ ಗೋಡೆ ದಾಟುತ್ತಿದ್ದದ್ದು. ಅಣ್ಣ ಬಿದ್ದ ಮೇಲೆ ಗೇಟಿನಿಂದ ಬಂದು ಕೇಳಬೇಕಿತ್ತು ಎಂದರು.

“ನಿಮ್ಮ ಮುಖ ನೋಡೋಕೆ ಆಗ್ಲಿಲ್ಲಮ್ಮ. ಗೋಡೆ ಗಟ್ಟಿ ಇಲ್ಲ ಅಂದಿದ್ರಲ್ಲ. ನಲವತ್ತು ವರ್ಷದಲ್ಲಿ ಯಾರೂ ಹಾಗಂದಿರ್ಲಿಲ್ಲ.”

ನನ್ನ ಕೈಯಲ್ಲಿದ್ದ ಡಬ್ಬಿ ಭಾರವಾಯಿತು. ಆದರೂ ನಾನು ಮೂವತ್ತು ವರ್ಷ ತಿದ್ದಿದವಳು. ತಪ್ಪು ನನ್ನದೆಂದು ಅಷ್ಟು ಬೇಗ ಒಪ್ಪುವ ಅಭ್ಯಾಸವಿಲ್ಲ. ಹಾಗಾದರೆ ಇದು ಯಾರ ಕೈಕೆಲಸ ಎಂದು ಮುಚ್ಚಳ ತೆಗೆದು ಅವರ ಮುಂದೆ ಹಿಡಿದೆ.

ಅವರು ಕನ್ನಡಕ ಹಾಕಿಕೊಂಡರು. ಒಂದು ಬಿಲ್ಲೆಯನ್ನು ಎತ್ತಿ ಅಂಗೈಯಲ್ಲಿಟ್ಟು ಬಿಸಿಲಿಗೆ ತಿರುಗಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಸಾಸಿವೆಕಾಳಿನಷ್ಟು ಸಣ್ಣ ಮಣ್ಣಿನ ಉಂಡೆಗಳನ್ನು ಒಂದರ ಪಕ್ಕ ಒಂದು ಒತ್ತಿ, ಸುತ್ತಿನಿಂದ ನಡುವಿಗೆ ತಂದಿದ್ದ ಸಾಲು ನನಗೂ ಆಗ ಕಂಡಿತು.

“ಇದು ನನ್ನ ಕೈದಲ್ಲಮ್ಮ,” ಎಂದರು. “ಇಷ್ಟು ನಯವಾಗಿ ನನಗೆ ಬರಲ್ಲ.”

ಆಮೇಲೆ ಡಬ್ಬಿಯನ್ನು ಮೆಲ್ಲಗೆ ಅಲ್ಲಾಡಿಸಿದರು. ಹಳದಿ ಪುಡಿಯ ನಡುವೆ ಅಕ್ಕಿಯ ನುಚ್ಚಿನಂಥವು ಕಂಡವು. ಕೆಲವು ಒಣಗಿ ಸುರುಟಿದ್ದವು. ಒಂದು ಸ್ವಲ್ಪ ದೊಡ್ಡದು, ಬಿಳಿಯದು, ಬಾಗಿತ್ತು, ಉಬ್ಬಿತ್ತು. ಅದಕ್ಕೆ ಬಾಯಿ ಮೂಡಿತ್ತು. ಅದು ಏನೆಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ನಾನು ಕುರ್ಚಿಯಲ್ಲಿ ಕೂತೆ.

ಮೇಸ್ತ್ರಿ ತಮ್ಮ ಕೈಯಲ್ಲಿದ್ದ ತಂತಿಯ ಬಲೆಯನ್ನು ನೋಡಿಕೊಂಡರು. ಮುಚ್ಚಿದ ತೂತುಗಳು ಮತ್ತೆ ತೆರೆದುಕೊಳ್ಳುತ್ತಿದ್ದದ್ದನ್ನು ಅವರೂ ಹತ್ತು ದಿನದಿಂದ ಎಣಿಸುತ್ತಿದ್ದರಂತೆ. ಯಾವುದೋ ಹಕ್ಕಿ ಕುಕ್ಕುತ್ತಿದೆ ಎಂದುಕೊಂಡು, ದಿಮ್ಮಿಯ ಮುಂದೆ ಕಟ್ಟಲು ಬಲೆ ತಂದಿದ್ದರು. ಜೇನು ನುಸುಳುವಷ್ಟು ಕಣ್ಣಿರುವ ಬಲೆಗಾಗಿ ಮೂರು ಅಂಗಡಿ ತಿರುಗಿದ್ದರು. ಹತ್ತು ದಿನ ನಾನು ಅವರನ್ನು ಅನುಮಾನಿಸಿದ್ದೆ; ಆ ಹತ್ತು ದಿನವೂ ಅವರು ಅನುಮಾನಿಸಿದ್ದು ಒಂದು ಹಕ್ಕಿಯನ್ನು.

ಅವರ ಹೆಂಡತಿ ನೀರು ತಂದಿಟ್ಟು ಒಳಗೆ ಹೋದರು. ಮೇಸ್ತ್ರಿ ದನಿ ತಗ್ಗಿಸಿದರು.

“ಸಾಹೇಬ್ರಿಗೆ ಹಕ್ಕಿ ಅಂತಲೇ ಹೇಳೋಣ.”

ಆ ಮಾತಿಗೆ ನನಗೆ ಅಳು ಬಂತು. ಇಷ್ಟು ಹೊತ್ತು ಬಂದಿರಲಿಲ್ಲ.

“ಅವನು ನೋಡಿದ್ದಾನೆ,” ಎಂದೆ. “ದಿನಾ ನೋಡಿದ್ದಾನೆ. ಅವನು ನೋಡಲಿ ಅಂತ್ಲೇ ಮಂಚ ಕಿಟಕಿ ಹತ್ರ ಹಾಕಿದ್ದೆ.”

ಮೇಸ್ತ್ರಿ ಡಬ್ಬಿಯ ಮುಚ್ಚಳ ಹಾಕಿ, ಅದನ್ನು ನನ್ನ ಕೈಗೆ ಕೊಡದೆ ತಮ್ಮ ಹಿಂದೆ ಇಟ್ಟುಕೊಂಡರು.

ಮನೆಗೆ ಬಂದು ನೇರವಾಗಿ ಅಣ್ಣನ ಕೋಣೆಗೆ ಹೋದೆ. ಮಧ್ಯಾಹ್ನದ ಬಿಸಿಲಿತ್ತು. ಅವನು ಎಚ್ಚರವಾಗಿದ್ದ. ಸ್ಟೂಲಿನ ಮೇಲೆ ಕೂತು, ಬಿದ್ದ ಲೋಟದ ದಿನದಿಂದ ಶುರುಮಾಡಿ ಎಲ್ಲ ಹೇಳಿದೆ. ವಿಷವೆಂದುಕೊಂಡದ್ದು, ಡಬ್ಬಿ, ದೂರು, ಟವೆಲ್ಲು ಬೀಸಿದ್ದು. ನೀನು ಬೇಡ ಬೇಡ ಎಂದು ಇಷ್ಟು ದಿನ ಕೂಗಿದೆ, ನಾನು ಅದನ್ನು ಹೌದು ಎಂದೇ ಕೇಳಿಸಿಕೊಂಡೆ ಎಂದೆ. ಕ್ಷಮಿಸು ಎನ್ನಲು ಹೋದೆ. ಅರವತ್ತೆಂಟು ವರ್ಷದಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಆ ಮಾತು ಆಡಿರಲಿಲ್ಲ, ನಾಲಿಗೆ ಹೊರಳಲಿಲ್ಲ.

ಅವನು ಕಣ್ಣು ಮುಚ್ಚಿದ. ಕಿಟಕಿಗೆ ಬೆನ್ನು ಮಾಡಿ ಮಲಗಿದ. ಸಂಜೆಯವರೆಗೂ ತಿರುಗಲಿಲ್ಲ. ಊಟ ಮುಟ್ಟಲಿಲ್ಲ. ನಾನು ಸ್ಟೂಲಿನಿಂದ ಏಳಲಿಲ್ಲ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಗೇಟಿನಿಂದ ಬಂದರು. ಚಪ್ಪಲಿ ಬಿಟ್ಟು, ಚೆಂಬು ಪಕ್ಕಕ್ಕಿಟ್ಟು, ಬಲೆ ಕಟ್ಟಲು ನಿಂತರು. ಹಕ್ಕಿ ಯಾವುದೆಂದು ಗೊತ್ತಾದ ಮೇಲೆ ಬಲೆ ಯಾಕೆ ಎಂದು ಕೇಳಿದೆ. ಅವರು ನನ್ನತ್ತ ತಿರುಗದೆ, “ನಿಜವಾದ ಹಕ್ಕಿಗಳೂ ಇವೆಯಲ್ಲಮ್ಮ,” ಎಂದರು. ನಾನು ಕೆಳಗಿನಿಂದ ತಂತಿ ಎತ್ತಿ ಕೊಟ್ಟೆ. ಆಗ ಮೊದಲ ಸಲ ಮೇಲಿನ ಎರಡು ಸಾಲುಗಳನ್ನು ಸರಿಯಾಗಿ ನೋಡಿದೆ. ಹನ್ನೆರಡು ತೂತುಗಳಲ್ಲಿ ಏಳು ಮುಚ್ಚಿದ್ದವು. ನನ್ನ ಕೈ ಎಟುಕದೆ ಉಳಿದ ಏಳು. ಕೆಳಗಿನ ಆರು ಸಾಲೂ ಖಾಲಿ, ಅಂಚಿನಲ್ಲಿ ನನ್ನ ಕಡ್ಡಿಯ ಗೀರುಗಳು.

ಒಳಗೆ ಬಂದಾಗ ಅಣ್ಣ ಕಿಟಕಿಯ ಕಡೆ ತಿರುಗಿದ್ದ. ನಾನು ಏಳು ಬೆರಳು ತೋರಿಸಿದೆ. ಅವನು ನೋಡಿದ. ಎಡಗೈ ಎತ್ತಿ ನನ್ನ ಮೊಣಕೈ ಹಿಡಿದು ಕೆಳಕ್ಕೆ ಎಳೆದ, ಕೂರು ಎನ್ನುವಂತೆ. ಕೂತೆ.

ಹತ್ತು ಗಂಟೆಯ ಹೊತ್ತಿಗೆ ಬಿಸಿಲು ದಿಮ್ಮಿಗೆ ಪೂರ್ತಿ ಬಿತ್ತು. ಆ ಕಪ್ಪು ನೊಣ ಬಂತು. ಬಲೆಯ ಮುಂದೆ ಆಚೀಚೆ ಹಾರಾಡಿತು, ಇದೇನಿದು ಹೊಸದು ಎನ್ನುವ ಹಾಗೆ. ಒಂದು ಕಣ್ಣಿನಲ್ಲಿ ನುಸುಳಿತು. ನೊಣಕ್ಕೆ ಹೊಟ್ಟೆಯ ಕೆಳಗೆ ಇಷ್ಟು ಹಳದಿ ಪುಡಿ ಮೆತ್ತಿರುವುದಿಲ್ಲ. ನಾನು ಅದನ್ನು ಒಂದೇ ಒಂದು ಸಲ ಸರಿಯಾಗಿ ನೋಡಿದ್ದರೆ ಸಾಕಿತ್ತು. ಅದು ನಾಲ್ಕನೆಯ ಸಾಲಿನ ಮೂರನೆಯ ತೂತಿನ ಬಾಯಲ್ಲಿ ಕೂತಿತು. ನಾನು ಮೊಟ್ಟಮೊದಲು ಕಿತ್ತದ್ದು ಅದನ್ನೇ. ಒಳಗೆ ತಲೆಯಿಟ್ಟಿತು, ಹೊರಗೆ ಬಂತು, ಹಿಮ್ಮುಖವಾಗಿ ತಿರುಗಿ ಮತ್ತೆ ಒಳಗೆ ಹೋಯಿತು.

ನಿಂಬೆಯ ಹೂ ಉದುರಲು ಶುರುವಾಗಿತ್ತು. ಕೊಂಬೆಯ ತುದಿಗಳಲ್ಲಿ ಮಾತ್ರ ಇನ್ನೂ ಬೆಳ್ಳಗಿತ್ತು.

“ಇನ್ನೂ ಸಮಯ ಇದ್ಯೇನೋ?” ಎಂದು ಕೇಳಿದೆ. “ತುಂಬ್ತವಾ?”

“ಹೌದು,” ಎಂದ ಅಣ್ಣ.

ಈ ಸಲ ನಾನು ಮಾತನ್ನು ಬಿಟ್ಟು ದನಿಯನ್ನು ಕೇಳಿಸಿಕೊಂಡೆ. ಅದು ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಜೇನು ತೂತಿನಿಂದ ಹೊರಗೆ ಬಂದು, ಬಲೆ ದಾಟಿ, ಮೇಸ್ತ್ರಿಯವರು ಆಗತಾನೆ ತುಳಿದುಹೋದ ಕೆಸರಿನ ಮೇಲೆ ಇಳಿಯಿತು. ಅಣ್ಣ ನನ್ನ ಮೊಣಕೈಯನ್ನು ಬಿಟ್ಟಿರಲಿಲ್ಲ. ಸುಮ್ಮನಿರು ಎನ್ನುವಂತೆ ಒಮ್ಮೆ ಒತ್ತಿದ. ನಾನು ಸುಮ್ಮನಾದೆ.